ಕೌಳಿ ಗೊಂಚಲು

ಮಹಡಿ ಮೇಲಿನ ಫೆಲ್ಸಿ ರಾತ್ರಿಪಾಳಿಯ ನರ್ಸು.
ಬಾಡಿಗೆ ಕೊಡಲು ಬಂದವಳು ಕುರ್ಚಿಯ ಮೇಲೆ ಮರೆತುಹೋದ
ದಪ್ಪ ಕಾದಂಬರಿಯ ನಡುವೆ
ಗುರುತಿಗೆ ಇಟ್ಟಿದ್ದಳು ಒಂದು ಇಸಿಜಿ ಚೀಟಿ:
ಗುಲಾಬಿ ಚೌಕಳಿಯ ಮೇಲೆ ಯಾರದೋ ಎದೆ
ಏರಿ ಇಳಿದು, ಏರಿ ಇಳಿದು,
ಕತ್ತರಿ ತಾಗಿದಲ್ಲಿ ನಿಂತಿತ್ತು.

'ಯಾರದೇ ಇದು?' ಅಂದೆ ಸಂಜೆ.
'ಹದಿನಾಲ್ಕನೇ ಮಂಚದ ಅಜ್ಜನದು.
ನಡಕೊಂಡೇ ಮನೆಗೆ ಹೋದರು, ಹೆದರಬೇಡಿ ಜಲಜಕ್ಕ.'
ಹೆದರಿದ್ದೆ, ಸುಳ್ಳೇಕೆ.
ನಿನಗೆ ಬೇರೆ ಗುರುತು ಮಾಡಿಕೊಡುತ್ತೇನೆ ಅಂದುಬಿಟ್ಟೆ.

ದುರ್ಗಿಗುಡಿಯ ಈ ಓಣಿಯಲ್ಲಿ ಸೀರೆಗೆ ಕುಚ್ಚು ಹಾಕುವವಳು ನಾನು.
ಹದಿನೇಳು ವರ್ಷ, ಒಂದೇ ಕ್ರೋಶಾ ಕಡ್ಡಿ,
ಹಿಡಿಯ ಬಣ್ಣ ಹೋಗಿ ಬೆರಳಿನ ಬಣ್ಣ ಬಂದಿದೆ ಅದಕ್ಕೆ.
ನನ್ನ ಕೆಲಸವೆಲ್ಲ ಸೆರಗಿನ ತುದಿಯಲ್ಲೇ;
ಪುಸ್ತಕಕ್ಕೂ ಒಂದು ಸೆರಗು ಅಂದುಕೊಂಡರಾಯಿತು.

ಕಲಿಸಿದ ಟೀಚರ್ ಹಾಕುತ್ತಿದ್ದದ್ದು ಸ್ಟ್ರಾಬೆರಿ.
ಅದನ್ನು ನಾನು ತಿಂದದ್ದು ಐಸ್‌ಕ್ರೀಮಿನಲ್ಲಿ,
ಅದೂ ವಾಸನೆ ಮಾತ್ರ.
ಬೆರಳು ಅರಿಯದ ಹಣ್ಣನ್ನು ಕಡ್ಡಿ ಹೇಗೆ ಅರಿತೀತು?
ಆಗ ಏಪ್ರಿಲ್. ಗಾಂಧಿ ಬಜಾರಿನ ಮೂಲೆಯಲ್ಲೊಬ್ಬಳು
ಮುತ್ತುಗದ ಎಲೆಯ ಮೇಲೆ ಕೌಳಿಹಣ್ಣು ಸುರಿದುಕೊಂಡು
ಮುಳ್ಳು ಗೀರಿದ ಕೈಯಿಂದ ಲೋಟದಲ್ಲಿ ಅಳೆಯುತ್ತಿದ್ದಳು.
ಒಂದು ಲೋಟ ತಂದೆ. ಅರ್ಧ ತಿಂದೆ.
ಮೂರನ್ನು ಮುಂದಿಟ್ಟುಕೊಂಡು ನೋಡುತ್ತ ಕೂತೆ,
ಕಾಯಿಯ ಹಾಲು ತುಟಿಗೆ ಅಂಟಿ ಎಳೆಯುತ್ತಿತ್ತು.

ಸುಳಿಗೆ ಆರು ಹೊಲಿಗೆ. ಮರುಸುತ್ತಿಗೆ ಹನ್ನೆರಡು.
ಹದಿನೆಂಟಕ್ಕೆ ಹೋದರೆ ಕೌಳಿಯಲ್ಲ, ನಿಂಬೆ.
ಹನ್ನೆರಡರಲ್ಲೇ ಎರಡು ಸುತ್ತು ತಡೆದು,
ಹೊಟ್ಟೆಗೆ ದಾರದ ಚೂರು ತುರುಕಿ,
ಮತ್ತೆ ಆರು, ಮತ್ತೆ ಮೂರು, ಬಾಯಿ ಬಿಗಿ.
ಎಳೆಗಾಯಿಗೆ ಹಸಿರು, ಯಾರದೋ ಸೀಮಂತದ ಸೀರೆಗೆ ಹಾಕಿ ಮಿಕ್ಕಿದ್ದು.
ದೋರುಗಾಯಿಗೆ ಕುಂಕುಮಗೆಂಪು, ಧಾರೆಸೀರೆಯದು.
ಹಣ್ಣಿಗೆ ಕಪ್ಪು ಬೇಕು.
ಡಬ್ಬಿ ಬೋರಲು ಹಾಕಿದೆ. ಇಪ್ಪತ್ತೆಂಟು ಬಣ್ಣ,
ಕಪ್ಪು ಮಾತ್ರ ಇಲ್ಲ.
ಮದುವೆಯ ಸೆರಗಿಗೆ ಕಪ್ಪು ಯಾರು ಕಟ್ಟಿಸುತ್ತಾರೆ?

ಕಡೆಗೆ ಟ್ರಂಕಿನ ತಳದಿಂದ ತೆಗೆದೆ
ನನ್ನದೇ ಹೈಸ್ಕೂಲಿನ ಜಡೆಕುಚ್ಚು.
ಬಿಚ್ಚಿದರೆ ಎಳೆಎಳೆಯಲ್ಲೂ ಇನ್ನೂ ಹೆರಳಿನ ಸುಕ್ಕು,
ಹರಳೆಣ್ಣೆಯ ವಾಸನೆ.
ಅದೇ ಹಣ್ಣಾಯಿತು.

ಪುಟದ ನಡುವೆ ಇಟ್ಟರೆ
ಪುಸ್ತಕ ಬಾಯಿ ಮುಚ್ಚಲೊಲ್ಲದು,
ಬಿಸಿ ಬಜ್ಜಿ ಕಚ್ಚಿದವರ ಹಾಗೆ.
ಬಿಚ್ಚಿದೆ. ತೊಟ್ಟನ್ನು ಉದ್ದ ಮಾಡಿದೆ,
ಗೇಣುದ್ದ ಸರಪಳಿ, ತುದಿಗೆ ಒಂದೇ ಎಲೆ,
ಇಸ್ತ್ರಿ ಹಾಕಿ ಕಾಗದದಷ್ಟು ತೆಳ್ಳಗೆ.
ತೊಟ್ಟು ಒಳಗೆ, ಕತೆಯ ಜೊತೆ.
ಹಣ್ಣು ಹೊರಗೆ, ಜೋತಾಡುತ್ತ.

ಫೆಲ್ಸಿ ಮೊದಲು ಕಿವಿಯ ಹತ್ತಿರ ಹಿಡಿದು ಕನ್ನಡಿ ನೋಡಿದಳು.
ಆಮೇಲೆ ಆ ಅಜ್ಜನ ಚೀಟಿಯನ್ನು
ಎಸೆಯದೆ, ಕೊನೆಯ ಪುಟಕ್ಕೆ ಸರಿಸಿದಳು.

ವಾರ ಬಿಟ್ಟು ಬಂದಳು, ಕಣ್ಣ ಕೆಳಗೆ ನಿದ್ದೆಯ ಕರೆ.
ಎಷ್ಟು ಓದಿದೆ?
'ಎರಡು ಪುಟ. ಈಗ ಮಕ್ಕಳ ವಾರ್ಡು, ತುಂಬಿದೆ.'
ಗೊಂಚಲು ಮುಂದೆ ಹಿಡಿದಳು.
ಚೋರಡಿಯ ಹುಡುಗನಂತೆ, ನಾಲ್ಕು ವರ್ಷ,
ಜ್ವರ ಬಿಟ್ಟ ಬೆಳಗ್ಗೆ, ಇವಳು ಸಲೈನ್ ಬಾಟಲಿ ಬದಲಿಸುವಷ್ಟರಲ್ಲಿ
ಮೇಜಿನ ಪುಸ್ತಕದಿಂದ ಎಳೆದು ಬಾಯಿಗೆ ಹಾಕಿದ್ದಾನೆ.
'ದಾರ ಬಿಟ್ಟಿದೆ ಅಕ್ಕ, ಸರಿಮಾಡಿ.'

ಕನ್ನಡಕ ಹಾಕಿ ನೋಡಿದೆ.
ಹಸಿರಿಗೆ ಏನೂ ಆಗಿಲ್ಲ. ಕೆಂಪನ್ನು ಮುಟ್ಟಿಲ್ಲ.
ಮೂರರಲ್ಲಿ ಹಣ್ಣಾದದ್ದನ್ನೇ ಕಚ್ಚಿದ್ದಾನೆ ಪೋರ.

ಬಿಟ್ಟ ದಾರಕ್ಕೆ ಒಂದು ಗಂಟು ಹಾಕಿದೆ.
ಹಲ್ಲಿನ ಗುರುತು ಹಾಗೇ ಇದೆ.